ಕವಚಧಾರಣೆ

ಮನುಷ್ಯನ ಬಾಯಿ ಬಹು ಅಪಾಯದ ಸ್ಥಳವೆಂದು ನಮ್ಮ ಹಿರಿಯರು ಬಲ್ಲರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಹುಟ್ಟಿದ್ದು ಆ ಭಯದಿಂದಲೇ ಇರಬೇಕು. ಅವರು ಹೇಳಿದ್ದು ಮಾತಿನ ವಿಚಾರ. ನಾನಾದರೋ ಇಪ್ಪತ್ತೆಂಟು ವರ್ಷ ಪರರ ಬಾಯಿಯಿಂದ ಒಂದು ಗೇಣು ದೂರದಲ್ಲಿ ನಿಂತು ಅನ್ನ ಸಂಪಾದಿಸಿದವಳು. ಬಾಯಿಗೆ ಹೆದರಬೇಕಾದ ಬೇರೆ ಕಾರಣಗಳೂ ನನಗೆ ಗೊತ್ತು.

ನನ್ನ ಉದ್ಯೋಗ ಎಂಡೊಸ್ಕೋಪಿ ಕೊಠಡಿಯ ನರ್ಸಿನದು. ಗಂಟಲಿನಿಂದ ಕೊಳವೆ ಇಳಿಸಿ ಜಠರವನ್ನು ಕಣ್ಣಾರೆ ನೋಡುವ ಆಸೆ ವೈದ್ಯರಿಗೆ ಇಂದು ನಿನ್ನೆಯದಲ್ಲ. 1868ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಕುಸ್‌ಮೌಲ್ ಎಂಬ ಡಾಕ್ಟರು ಕತ್ತಿ ನುಂಗುವ ಆಟಗಾರನೊಬ್ಬನನ್ನು ಕರೆಸಿ, ನೆಟ್ಟಗಿನ ಕೊಳವೆಯನ್ನು ನುಂಗಿಸಿ ನೋಡಿದರು. ಕತ್ತಿ ನುಂಗುವ ವಿದ್ಯೆ ಬಾರದ ನಿಮ್ಮ ನಮ್ಮಂಥವರು ಇನ್ನೂ ಬಹಳ ಕಾಲ ಕಾಯಬೇಕಾಯಿತು. 1954ರಲ್ಲಿ ಲಂಡನ್ನಿನಲ್ಲಿ ಹಾಪ್ಕಿನ್ಸ್ ಎಂಬುವರೂ ನಮ್ಮ ಪಂಜಾಬಿನ ನರೀಂದರ್ ಸಿಂಗ್ ಕಪಾನಿಯವರೂ ಕೂಡಿ, ಗಾಜಿನ ಎಳೆಗಳ ಕಂತೆಯೊಳಗೆ ಚಿತ್ರವೂ ಬಳುಕಿಕೊಂಡು ಸಾಗಬಲ್ಲದೆಂದು ತೋರಿಸಿದರು. 1957ರಲ್ಲಿ ಅಮೆರಿಕದ ಮಿಷಿಗನ್ನಿನಲ್ಲಿದ್ದ ಹಿರ್ಷೊವಿಟ್ಸ್ ಅಂಥ ಬಳುಕುವ ಕೊಳವೆಯನ್ನು ಮೊದಲು ತಾವೇ ನುಂಗಿದರು. ಆಮೇಲೆ ರೋಗಿಗೆ ನುಂಗಿಸಿದರು. ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ಆದರೆ ಇಂಥ ಕಥೆಗಳಲ್ಲೆಲ್ಲ ಕೊಳವೆಯ ಒಂದು ತುದಿಗೆ ರೋಗಿ, ಇನ್ನೊಂದು ತುದಿಗೆ ಡಾಕ್ಟರು, ಅಷ್ಟೆ. ನಡುವೆ ರೋಗಿಯ ದವಡೆ ಎತ್ತಿ ಹಿಡಿದು, ಬಾಯಿಂದ ಬರುವ ಜೊಲ್ಲು ರಕ್ತಗಳನ್ನು ಹೀರುವ ನಳಿಗೆಯನ್ನು ಹಿಡಿದು ನಿಂತವಳೊಬ್ಬಳು ಚಿತ್ರದಲ್ಲಿ ಇರುವುದೇ ಇಲ್ಲ. ರೋಗಿ ಕೆಮ್ಮಿದರೆ, ಓಕರಿಸಿದರೆ ಮೊದಲ ಪ್ರಸಾದ ಅವಳಿಗೆ. ಆಮೇಲೆ ಕೊಳವೆಯನ್ನು ತೊಳೆಯುವ ಹುಡುಗನಿಗೆ. ಒಳಗಿನ ಸಣ್ಣ ನಾಳಕ್ಕೆ ಕುಂಚ ತೂರಿಸಿ ಉಜ್ಜುವಾಗ ಅದು ಮುಖಕ್ಕೇ ಸಿಡಿಯುತ್ತದೆ. ಎಲ್ಲರಿಗಿಂತ ಕೊನೆಗೆ, ನೆಲ ಒರೆಸುವ ಆಯಮ್ಮನಿಗೆ.

ಕೋವಿಡ್ ಬಂದ ಮೇಲೆ ಲೋಕವೆಲ್ಲ ಇದನ್ನು ಕುರಿತು ಮಾತನಾಡಿತು. ನಮಗೆ ಅದು ಹೊಸ ಪಾಠವಾಗಿರಲಿಲ್ಲ. ರಕ್ತ ಕಾರಿಕೊಂಡು ನಡುರಾತ್ರಿ ಬರುವವನು ತನಗೆ ಕ್ಷಯವಿದೆಯೋ, ಕಾಮಾಲೆಯ ವೈರಸ್ಸು ಇದೆಯೋ ಎಂದು ಚೀಟಿ ಬರೆದುಕೊಂಡು ಬರುವುದಿಲ್ಲ. ನಾನು ಕೆಲಸಕ್ಕೆ ಸೇರಿದ ದಿನ ಹಿರಿಯ ಸಿಸ್ಟರು ನನ್ನ ಹೆಸರು ಕೇಳುವುದಕ್ಕೆ ಮೊದಲು ಹೆಪಟೈಟಿಸ್-ಬಿ ಲಸಿಕೆಯ ಮೂರು ಸೂಜಿಯೂ ಆಗಿದೆಯೇ ಎಂದು ಕೇಳಿದರು. ಮೂರನೆಯದು ಬಾಕಿ ಇತ್ತು. ಅದು ಆಗುವವರೆಗೆ ರಕ್ತ ಕಾರುವವರ ಹತ್ತಿರ ನನ್ನನ್ನು ಬಿಡಲಿಲ್ಲ. ಹೆಸರು ಕೇಳಿದ್ದು ಮರುದಿನ.

ನನಗೆ ಪ್ರಿಯವಾದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ. ಆಸ್ಪತ್ರೆಯ ರಬ್ಬರು ಕೈಗವಸು ರೋಗಿಯ ರಕ್ಷಣೆಗಾಗಿ ಹುಟ್ಟಿತೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. 1889ರ ಚಳಿಗಾಲದಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಹ್ಯಾಂಪ್ಟನ್ ಎಂಬ ನರ್ಸಿನ ಕೈಗಳು ಪಾದರಸ ಬೆರೆತ ಕ್ರಿಮಿನಾಶಕದಿಂದ ಹುಣ್ಣಾದವು. ಶಸ್ತ್ರವೈದ್ಯ ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರು ಕಂಪನಿಗೆ ಹೇಳಿ, ಅವಳಿಗಾಗಿ ಎರಡು ಜೊತೆ ತೆಳುವಾದ ಕೈಗವಸು ಮಾಡಿಸಿದರು. ಮರುವರ್ಷ ಅವಳನ್ನೇ ಮದುವೆಯಾದರು. ಎಲ್ಲ ಡಾಕ್ಟರೂ ಅಷ್ಟು ದೂರ ಹೋಗಬೇಕೆಂದು ನಾನು ಹೇಳುವುದಿಲ್ಲ. ಕೈಗವಸು ಕೊಟ್ಟರೆ ಸಾಕು. ಆದರೆ ಮೊಟ್ಟಮೊದಲ ಜೊತೆ ಒಬ್ಬ ನರ್ಸಿನ ಕೈಗಾಗಿ ಹೊಲಿಸಿದ್ದೆಂಬುದನ್ನು ಸ್ಟೋರಿನ ಗುಮಾಸ್ತರಿಗೆ ನಾನು ಆಗಾಗ ಜ್ಞಾಪಿಸುತ್ತಿದ್ದೆ.

ಮೂಗು ಬಾಯಿ ಮುಚ್ಚುವ ಬಟ್ಟೆಯ ಕಥೆ ಇಷ್ಟು ಸರಸವಾದದ್ದಲ್ಲ. 1910–11ರಲ್ಲಿ ಮಂಚೂರಿಯಾದ ಹರ್ಬಿನ್ನಿನಲ್ಲಿ ಶ್ವಾಸಕೋಶದ ಪ್ಲೇಗು ಎದ್ದಾಗ, ಪೆನಾಂಗಿನಲ್ಲಿ ಹುಟ್ಟಿದ ವು ಲಿಯೆನ್-ತೆ ಎಂಬ ಮೂವತ್ತೊಂದು ವರ್ಷದ ವೈದ್ಯರು, ರೋಗ ಉಸಿರಿನಿಂದಲೇ ಹರಡುತ್ತದೆ, ಹತ್ತಿ ತುಂಬಿದ ಜಾಳಿ ಬಟ್ಟೆಯನ್ನು ಎಲ್ಲರೂ ಮುಖಕ್ಕೆ ಕಟ್ಟಿಕೊಳ್ಳಿ ಎಂದರು. ಅನುಭವದಲ್ಲಿ ಅವರಿಗಿಂತ ಹಿರಿಯರಾದ ಫ್ರಾನ್ಸಿನ ಮೆನಿ ಎಂಬುವರು ಒಪ್ಪಲಿಲ್ಲ. ಬಟ್ಟೆ ಕಟ್ಟದೆಯೇ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಮೇಲೆ ಹರ್ಬಿನ್ನಿನಲ್ಲಿ ಬಟ್ಟೆ ಕಟ್ಟೆನೆಂದವರು ಹೆಚ್ಚು ಜನ ಇರಲಿಲ್ಲ.

ಇದೆಲ್ಲ ಪರದೇಶದ ಮಾತು. ಮನೆಯ ಮಾತು ಹೇಳುವುದಾದರೆ, ನಮ್ಮ ಕೊಠಡಿಯ ಕಟ್ಟುಕಟ್ಟಳೆಗಳನ್ನು ಕಂಡಾಗಲೆಲ್ಲ ನನಗೆ ನಮ್ಮಜ್ಜಿಯ ಮಡಿ ನೆನಪಿಗೆ ಬರುತ್ತಿತ್ತು. ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಡುವುದು, ಉಟ್ಟ ಮೇಲೆ ಮುಟ್ಟಬಾರದ್ದನ್ನು ಮುಟ್ಟದಿರುವುದು, ಮುಟ್ಟಿದರೆ ಮೊದಲಿನಿಂದ ಮತ್ತೆ ಸ್ನಾನ. ನಾವೂ ಹಾಗೆಯೇ. ಮೊದಲು ಒಳಗಿನ ಕೈಗವಸು, ಆಮೇಲೆ ನಿಲುವಂಗಿ, ಆಮೇಲೆ ಎನ್-95, ಅದರ ಮೇಲೆ ಕನ್ನಡಕ, ತಲೆಗವಸು, ಮುಖದ ಮುಂದೆ ಪಾರದರ್ಶಕ ಪರದೆ, ಕೊನೆಗೆ ಹೊರಗಿನ ಕೈಗವಸು. ಒಂದು ತಪ್ಪಿದರೆ ಪಕ್ಕದಲ್ಲಿ ಪಟ್ಟಿ ಹಿಡಿದು ನಿಂತವಳು ಅಜ್ಜಿಯಂತೆಯೇ ಗದರುತ್ತಾಳೆ. ಎನ್-95 ಬಲು ಸಣ್ಣ ಕಣಗಳಲ್ಲಿ ನೂರಕ್ಕೆ ಕನಿಷ್ಠ 95ನ್ನು ತಡೆಯುತ್ತದೆ, ನಿಜ. ಆದರೆ ಅದು ಮುಖಕ್ಕೆ ಅಂಟಿ ಕೂತರೆ ಮಾತ್ರ. ನಮ್ಮ ಡಾಕ್ಟರಿಗೆ ಸೊಗಸಾದ ಗಡ್ಡವಿತ್ತು. ಗಡ್ಡದ ಸಂದಿನಲ್ಲಿ ಗಾಳಿ ನುಸುಳುತ್ತದೆ. 2020ರ ಮಾರ್ಚಿನಲ್ಲಿ ಒಂದು ಬೆಳಿಗ್ಗೆ ಅವರು ನುಣ್ಣಗೆ ಬೋಳಿಸಿಕೊಂಡು ಬಂದಾಗ ಕಾವಲುಗಾರ ಗುರುತಿನ ಚೀಟಿ ಕೇಳಿ ನಿಲ್ಲಿಸಿದ.

ಅಜ್ಜಿಯ ಮಡಿಗೂ ನಮ್ಮ ಮಡಿಗೂ ಒಂದು ವ್ಯತ್ಯಾಸವಿದೆ ಎಂದು ನಾನು ಹೆಮ್ಮೆಪಟ್ಟುಕೊಂಡಿದ್ದೆ. ಅಜ್ಜಿಯದು ಯಾರನ್ನು ಮುಟ್ಟಿದೆ ಎಂದು ಕೇಳುವ ಮಡಿ. ನಮ್ಮದು ಏನನ್ನು ಮುಟ್ಟಿದೆ ಎಂದಷ್ಟೇ ಕೇಳುವ ಮಡಿ. ವೈರಸ್ಸಿಗೆ ಡಾಕ್ಟರ ಮೂಗು, ಜಾಡಮಾಲಿಯ ಮೂಗು ಎಂಬ ಭೇದವಿಲ್ಲ. ಆದರೆ ಆ ಏಪ್ರಿಲಿನಲ್ಲಿ ಆಫೀಸಿನಿಂದ ಒಂದು ಪಟ್ಟಿ ಇಳಿದು ಬಂತು.

ಆಗ ಸಾಮಾನಿಗೆ ಬರವಿತ್ತು. ಅದನ್ನು ಮರೆತು ಮಾತನಾಡಬಾರದು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳು ಅಂಗಿ ಪ್ಯಾಂಟು ಬಿಟ್ಟು ಆಸ್ಪತ್ರೆಯ ನಿಲುವಂಗಿಗಳನ್ನು ರಾಶಿ ರಾಶಿಯಾಗಿ ಹೊಲಿಯುವ ಕಾಲ ಬರುವವರೆಗೆ ನಾವು ಒಂದು ವಾರ ಮಳೆಗಾಲದ ರೈನ್‌ಕೋಟು ತೊಟ್ಟು ಕೆಲಸ ಮಾಡಿದೆವು. ಪಟ್ಟಿಯಲ್ಲಿದ್ದುದು ಹೀಗೆ: ಡಾಕ್ಟರಿಗೆ ಎನ್-95 ಮತ್ತು ಪೂರ್ಣ ಕವಚ, ನರ್ಸಿಗೂ ಅದೇ, ಕೊಳವೆ ತೊಳೆಯುವ ಹುಡುಗನಿಗೆ ಎನ್-95 ಮತ್ತು ಪ್ಲಾಸ್ಟಿಕ್ ಏಪ್ರನ್, ಆಯಾಗಳಿಗೆ ಸಾದಾ ಮಾಸ್ಕು. ಕಾರಣ, ಆಯಾ ಪರೀಕ್ಷೆಯ ಹೊತ್ತಿಗೆ ಒಳಗೆ ಇರುವುದಿಲ್ಲ. ಎಲ್ಲ ಮುಗಿದ ಮೇಲೆ ತಾನೇ ಬರುವುದು? ನಾನು ಎರಡು ಸಲ ಆಫೀಸಿಗೆ ಹೋಗಿ, ನಾವು ಹೊರಗೆ ಬಂದೆವೆಂದು ಗಾಳಿಯೂ ನಮ್ಮ ಜೊತೆ ಹೊರಗೆ ಬರುವುದಿಲ್ಲ ಎಂದು ಹೇಳಿದೆ. ಎರಡು ಸಲವೂ ಕಾಫಿ ಕೊಟ್ಟು ಕಳಿಸಿದರು. ಆ ಆಸ್ಪತ್ರೆಯ ಹೆಸರು ಬೇಡ; ಇಂಥ ಪಟ್ಟಿ ಬರೆದ ಆಸ್ಪತ್ರೆ ಅದೊಂದೇ ಆಗಿರಲಾರದು.

ಗಾಳಿಯ ಲೆಕ್ಕ ಬಹಳ ಸರಳವಾದದ್ದು. ಕೊಠಡಿಯ ಗಾಳಿ ಗಂಟೆಗೆ 12 ಸಲ ಪೂರ್ತಿ ಬದಲಾಗುವಂತಿದ್ದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಹೋಗಲು 23 ನಿಮಿಷ ಬೇಕು; ಸಾವಿರಕ್ಕೆ 999 ಹೋಗಲು 35 ನಿಮಿಷ. ಹೊರಗಿನ ಗಾಳಿ ಒಳಗೆ ಬರಬೇಕು, ಒಳಗಿನದು ಬಾಗಿಲಿನಿಂದ ಆಚೆ ಹೋಗಬಾರದು. ಹಾಗೆ ಒತ್ತಡವನ್ನು ತಗ್ಗಿಸಿ ಕಟ್ಟಿದ ಕೊಠಡಿಗಳು ಇರುತ್ತವೆ. ನಮ್ಮಲ್ಲಿ ಇರಲಿಲ್ಲ. ಕಿಟಕಿಗೆ ಒಂದು ಎಕ್ಸಾಸ್ಟ್ ಫ್ಯಾನು ಇತ್ತು. ಪರೀಕ್ಷೆ ಮುಗಿದು ನಾವು ಹೊರಬಿದ್ದ ಐದೇ ನಿಮಿಷಕ್ಕೆ ಆಯಮ್ಮ ಬಕೀಟು ಹಿಡಿದು ಒಳಗೆ ಹೋಗುತ್ತಿದ್ದಳು, ಮುಂದಿನ ರೋಗಿಗೆ ಕೊಠಡಿ ಬೇಕಲ್ಲ!

ಜುಲೈ ತಿಂಗಳಲ್ಲಿ ಅವಳಿಗೆ ಜ್ವರ ಬಂತು. ಎಲ್ಲಿಂದ ಹತ್ತಿತೆಂದು ಯಾರು ಹೇಳಬಲ್ಲರು? ಅವಳು ಬರುತ್ತಿದ್ದ ಬಸ್ಸಿನಲ್ಲಿಯೂ ಇರಬಹುದು, ಅವಳ ಬೀದಿಯ ನಲ್ಲಿಯ ಹತ್ತಿರವೂ ಇರಬಹುದು. ಆಫೀಸಿನವರು ಹೇಳಿದ್ದೂ ಇದನ್ನೇ, ಮತ್ತು ಆ ಮಾತು ಸುಳ್ಳಲ್ಲ. ಹದಿನಾರು ದಿನ ನಮ್ಮ ವಾರ್ಡಿನಲ್ಲೇ ಆಮ್ಲಜನಕದ ಕೊಳವೆ ಹಾಕಿಕೊಂಡು ಮಲಗಿದ್ದಳು. ನಾಲ್ಕನೆಯ ದಿನ ನಾನು ನೋಡಲು ಹೋದಾಗ, ಕವಚದೊಳಗಿದ್ದ ನನ್ನನ್ನು ಗುರುತು ಹಿಡಿಯದೆ, "ಸಿಸ್ಟರೇ, ಎಂಡೊಸ್ಕೋಪಿ ರೂಮಿನ ಬೀಗದ ಕೈ ನನ್ನ ಸೆರಗಿನಲ್ಲಿಯೇ ಉಳಿದುಬಿಟ್ಟಿದೆ, ಅಲ್ಲಿಯ ಸಿಸ್ಟರಿಗೆ ಕೊಟ್ಟುಬಿಡಿ" ಎಂದಳು. ಆಮೇಲಿನಿಂದ ನಾವೆಲ್ಲರೂ ಕವಚದ ಬೆನ್ನಿಗೂ ಎದೆಗೂ ದಪ್ಪ ಅಕ್ಷರದಲ್ಲಿ ಹೆಸರು ಬರೆದುಕೊಳ್ಳತೊಡಗಿದೆವು.

ಆಗ ಪಟ್ಟಿ ಬದಲಾಯಿತು. ಬದಲಾಯಿಸಿದ್ದು ನನ್ನ ವಾದವಲ್ಲ. ಉಳಿದ ಆಯಾಗಳೆಲ್ಲ ಒಂದು ಬೆಳಿಗ್ಗೆ ಬಕೀಟುಗಳನ್ನು ಆಫೀಸಿನ ಮುಂದೆ ಸಾಲಾಗಿ ಇಟ್ಟು, ಒಂದು ಮಾತೂ ಆಡದೆ ಗೋಡೆಗೆ ಒರಗಿ ಕೂತರು. ಮಧ್ಯಾಹ್ನದೊಳಗೆ ಎಲ್ಲರಿಗೂ ಒಂದೇ ಮಾಸ್ಕು, ಎಲ್ಲರಿಗೂ ಒಂದೇ ಕವಚ, ಪರೀಕ್ಷೆ ಆದ ಮೇಲೆ ಒಂದು ಗಂಟೆ ಬಾಗಿಲು ಮುಚ್ಚಿರಬೇಕು ಎಂದು ಆಜ್ಞೆಯಾಯಿತು.

ಈ ಒಂದು ಗಂಟೆಯೂ, ಕವಚ ತೊಡುವ ಹದಿನೈದು ನಿಮಿಷವೂ ಯಾರ ಗಂಟಿನಿಂದ ಖರ್ಚಾಗುತ್ತವೆ? ರೋಗಿಯ ಗಂಟಿನಿಂದ ಎಂದು ನೋಡುವವರಿಗೆ ತೋರುತ್ತದೆ. ಅದೇ ಆಗಸ್ಟಿನ ಒಂದು ರಾತ್ರಿ ಹನ್ನೊಂದು ಗಂಟೆಗೆ ನಿವೃತ್ತ ಮೇಷ್ಟರೊಬ್ಬರನ್ನು ಕರೆತಂದರು. ಮಂಡಿನೋವಿಗೆ ತಿಂಗಳುಗಟ್ಟಲೆ ಅಂಗಡಿಯಿಂದ ತಂದ ಮಾತ್ರೆ ನುಂಗಿದ್ದರು. ಮನೆಯಲ್ಲಿ ಎರಡು ಸಲ ರಕ್ತ ಕಾರಿದ್ದರು. ನಾಡಿ 120. ಮೂಗಿನ ದ್ರವದ ಶೀಘ್ರ ಪರೀಕ್ಷೆ ಮಾಡಿದರೆ ಕೋವಿಡ್ ಇದೆ. ರಕ್ತ ಏರಿಸಿ, ಆಮ್ಲ ತಗ್ಗಿಸುವ ಔಷಧಿಯನ್ನು ಡ್ರಿಪ್ಪಿನಲ್ಲಿ ಬಿಟ್ಟು, ರಕ್ತದೊತ್ತಡ ಒಂದು ಹದಕ್ಕೆ ಬಂದ ಮೇಲೆ ಕೊಠಡಿಗೆ ತಂದೆವು. ನಾವು ನಾಲ್ವರು ಹೊರಗೆ ಕವಚ ತೊಡುತ್ತಿದ್ದೆವು. ಕಾರಿಡಾರಿನ ಆ ತುದಿಯಲ್ಲಿ, ಗಾಜಿನ ಬಾಗಿಲ ಆಚೆ, ಅವರ ಹೆಂಡತಿ. ನಮ್ಮನ್ನು ನೋಡಿ ನೋಡಿ ತಡೆಯದೆ, "ಅಲ್ಲಿ ಅವರ ಜೀವ ಹೋಗ್ತಾ ಇದೆ, ನೀವು ಇಲ್ಲಿ ಮದುವೆ ಮನೆಗೆ ಹೊರಟ ಹಾಗೆ ಸಿಂಗಾರ ಮಾಡ್ಕೊತಾ ಇದೀರಲ್ಲಮ್ಮಾ!" ಎಂದು ಕೂಗಿದರು.

ಆ ಮಾತಿಗೆ ಕೋಪಿಸಿಕೊಳ್ಳಲು ನನಗೆ ಆಗಲಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ, ಇನ್ನೂ ಕೆಟ್ಟದಾಗಿ, ಹೇಳುತ್ತಿದ್ದೆ. ಬೆಂಕಿ ಬಿದ್ದ ಮನೆಗೆ ನುಗ್ಗುವವನು ಚಪ್ಪಲಿ ಹುಡುಕುತ್ತಾನೆಯೇ? ಕಣ್ಣೆದುರಿಗೆ ರಕ್ತ ಕಾರುವವನನ್ನು ಬಿಟ್ಟು ನಿಧಾನವಾಗಿ ಗಂಟು ಹಾಕಿಕೊಳ್ಳುವುದಿದೆಯಲ್ಲ, ನರ್ಸಿನ ಕೆಲಸದಲ್ಲಿ ಅದಕ್ಕಿಂತ ಕಷ್ಟವಾದದ್ದು ಯಾವುದೂ ಇಲ್ಲ. ಕೈ ತಾನಾಗಿಯೇ ಬಾಗಿಲ ಕಡೆಗೆ ಹೋಗುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕು.

ಆದರೆ ಆ ತಾಯಿಗೆ ಕಾಣದಿದ್ದ ಒಂದು ಸಂಗತಿಯಿತ್ತು. ನಾನು ಗಂಟು ಹಾಕಿಕೊಳ್ಳುತ್ತಿದ್ದಾಗ ಅವರ ಯಜಮಾನರ ಚಿಕಿತ್ಸೆ ನಿಂತಿರಲಿಲ್ಲ. ರಕ್ತ ಇಳಿಯುತ್ತಿತ್ತು, ಔಷಧಿ ಇಳಿಯುತ್ತಿತ್ತು. ಕವಚ ತೊಟ್ಟ ಅರಿವಳಿಕೆಯ ಡಾಕ್ಟರು ಮೊದಲೇ ಒಳಗೆ ಹೋಗಿ ಉಸಿರಿನ ನಾಳಕ್ಕೆ ಕೊಳವೆ ಕೂಡಿಸುತ್ತಿದ್ದರು. ಅದರ ತುದಿಯ ಬುಗ್ಗೆ ಉಬ್ಬಿ ದಾರಿ ಮುಚ್ಚಿದರೆ ರಕ್ತ ಶ್ವಾಸಕೋಶಕ್ಕೆ ಹೋಗುವುದಿಲ್ಲ, ಕೆಮ್ಮು ನಮ್ಮ ಮುಖಕ್ಕೂ ಬರುವುದಿಲ್ಲ. ಅದು ಆಗುವವರೆಗೆ ಬೇರೆ ಯಾರೂ ಒಳಗೆ ಇರಬಾರದೆಂದೇ ನಿಯಮ. ಅದೇ ವರ್ಷದ ಏಪ್ರಿಲಿನಲ್ಲಿ ಹಾಂಗ್‌ಕಾಂಗಿನ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದ್ದರು. ಜಠರ, ಅನ್ನನಾಳಗಳಿಂದ ರಕ್ತ ಹೋಗಿ ಅಪಾಯದಲ್ಲಿದ್ದ 516 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತಜ್ಞರು ನೋಡಿದ 6 ಗಂಟೆಯೊಳಗೆ, ಇನ್ನೊಂದಕ್ಕೆ 6ರಿಂದ 24 ಗಂಟೆಯೊಳಗೆ ಎಂಡೊಸ್ಕೋಪಿ ಮಾಡಿದರು. ತಿಂಗಳೊಳಗೆ ತೀರಿಕೊಂಡವರು ಅವಸರದ ಗುಂಪಿನಲ್ಲಿ ನೂರಕ್ಕೆ 8.9, ಕಾದ ಗುಂಪಿನಲ್ಲಿ 6.6. ವ್ಯತ್ಯಾಸ ದೊಡ್ಡದೇನಲ್ಲ, ಆಕಸ್ಮಿಕವೂ ಇರಬಹುದು. ಅವಸರದಿಂದ ಲಾಭವಂತೂ ಕಾಣಲಿಲ್ಲ. ಏನು ಮಾಡಿದರೂ ರಕ್ತದೊತ್ತಡ ನಿಲ್ಲದೆ ಕುಸಿಯುತ್ತಲೇ ಇರುವವರ ಮಾತು ಬೇರೆ. ಅವರನ್ನು ಆ ಅಧ್ಯಯನದಲ್ಲಿ ಸೇರಿಸಿರಲಿಲ್ಲ, ಅವರಿಗಾಗಿ ನಾವೂ ಕಾಯುವುದಿಲ್ಲ. ಕಾಯುವುದಿಲ್ಲ ಎಂದರೆ ಬರಿಗೈಯಲ್ಲಿ ನುಗ್ಗುತ್ತೇವೆ ಎಂದಲ್ಲ. ಪಾಳಿಯಲ್ಲಿ ಒಂದು ತಂಡ ಅರ್ಧ ಕವಚ ತೊಟ್ಟೇ ಕೂತಿರುತ್ತದೆ.

ಮೇಷ್ಟರ ಹುಣ್ಣು ಜಠರವನ್ನು ದಾಟಿದ ಕರುಳಿನ ಮೊದಲ ತಿರುವಿನಲ್ಲಿತ್ತು. ನಡುವೆ ರಕ್ತನಾಳದ ತುದಿ ಮೊಳಕೆಯಂತೆ ಎದ್ದು ಕಾಣುತ್ತಿತ್ತು. ಕನ್ನಡಕದೊಳಗೆ ಬೆವರು, ಹೊರಗೆ ಮಂಜು. ಪರದೆಯ ಮೇಲಿನ ಚಿತ್ರ ಹೊಗೆಮನೆಯಲ್ಲಿ ನೋಡಿದಂತೆ. ಡಾಕ್ಟರ ಮಾತು ಮೂರು ಪದರದ ಆಚೆಯಿಂದ ಬರುತ್ತಿದ್ದುದರಿಂದ ಬೆರಳ ಸನ್ನೆಯಲ್ಲೇ ವ್ಯವಹಾರ. ಅಡ್ರಿನಲಿನ್ ಚುಚ್ಚಿ, ಎರಡು ಕ್ಲಿಪ್ಪು ಹಾಕಿದ ಮೇಲೆ ರಕ್ತ ನಿಂತಿತು. ಇಪ್ಪತ್ತು ನಿಮಿಷದ ಕೆಲಸ. ಮೇಷ್ಟರು ಬದುಕಿದರು. ಹನ್ನೆರಡನೆಯ ದಿನ ಮನೆಗೆ ಹೋದರು.

ಕವಚ ತೊಡುವುದಕ್ಕಿಂತ ಕಳಚುವುದು ಹೆಚ್ಚು ಅಪಾಯ. ತೊಡುವಾಗ ಬಟ್ಟೆ ಶುದ್ಧವಾಗಿರುತ್ತದೆ. ಕಳಚುವಾಗ ಅದರ ಮೈತುಂಬ ಕಾಣದ ಕೆಸರು. ಮೇಲಾಗಿ ಕೆಲಸ ಮುಗಿಯಿತೆಂಬ ಸಮಾಧಾನ, ಬಾಯಾರಿಕೆ, ಮೂತ್ರದ ಅವಸರ. ಹೊರಗಿನ ಕೈಗವಸು ಮೊದಲು, ಒಳಮೈ ಹೊರಕ್ಕೆ ಬರುವಂತೆ. ನಿಲುವಂಗಿಯನ್ನು ಹಾಸಿಗೆ ಸುರುಳಿ ಸುತ್ತಿದಂತೆ ಮೈಯಿಂದ ದೂರಕ್ಕೆ. ಒಂದೊಂದು ಮೆಟ್ಟಿಲಿಗೂ ಕೈ ತೊಳೆಯಬೇಕು. ಮಾಸ್ಕು ಎಲ್ಲಕ್ಕಿಂತ ಕೊನೆಗೆ, ಕೊಠಡಿಯ ಹೊರಗೆ, ಹಿಂದಿನ ಪಟ್ಟಿ ಹಿಡಿದು. ಉಂಗುರ, ಬಳೆ, ಸರ ಯಾವುದೂ ಕೂಡದು. ನಾನು ತಾಳಿಯನ್ನು ತೆಗೆದು ದೇವರ ಮನೆಯ ಕುಂಕುಮದ ಭರಣಿಯಲ್ಲಿ ಇಟ್ಟು ಬರುತ್ತಿದ್ದೆ. ಅತ್ತೆಯವರು ಮೊದಲ ದಿನ ನೋಡಿದರು, ಏನೂ ಹೇಳಲಿಲ್ಲ. ಎರಡನೆಯ ದಿನದಿಂದ ಆ ಭರಣಿಯ ಮುಂದೆ ಒಂದು ಹೂವು ಇರುತ್ತಿತ್ತು. ನಾನು ಮಹಡಿಯ ಕೋಣೆಯಲ್ಲಿ ಬೇರೆಯಾಗಿ ಇರುತ್ತಿದ್ದ ಏಳು ತಿಂಗಳು ನಮ್ಮಿಬ್ಬರ ನಡುವೆ ಹೆಚ್ಚಿನ ಮಾತೆಲ್ಲ ಆ ಹೂವಿನ ಮೂಲಕವೇ ನಡೆಯಿತು.

ಇಷ್ಟೆಲ್ಲ ಕಟ್ಟಿಕೊಂಡು ಬಂದದ್ದೇನು ಎಂದು ಕೇಳುವವರಿದ್ದಾರೆ. ಉತ್ತರ ಇಟಲಿಯ 41 ಆಸ್ಪತ್ರೆಗಳ ಎಂಡೊಸ್ಕೋಪಿ ಸಿಬ್ಬಂದಿಯ ಲೆಕ್ಕ 2020ರಲ್ಲೇ ಪ್ರಕಟವಾಯಿತು: 968 ಮಂದಿಯಲ್ಲಿ ಸೋಂಕು ತಗುಲಿದವರು 42. ಆ 42ರಲ್ಲಿ 36 ಮಂದಿಗೆ ತಗುಲಿದ್ದು ರಕ್ಷಣೆಯ ಕ್ರಮಗಳು ಜಾರಿಗೆ ಬರುವುದಕ್ಕೆ ಮೊದಲು. ಕ್ರಮಗಳಿಲ್ಲದೆ ಹೋದವರ ನೆನಪು ನಮ್ಮ ಪಕ್ಕದಲ್ಲಿಯೇ ಇದೆ. 2018ರ ಮೇ ತಿಂಗಳಲ್ಲಿ ಕೇರಳದ ಪೆರಾಂಬ್ರದ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ಇನ್ನೂ ಹೆಸರು ಗೊತ್ತಿಲ್ಲದ ಜ್ವರದ ರೋಗಿಯ ಶುಶ್ರೂಷೆ ಮಾಡಿ ನಿಪಾ ರೋಗದಿಂದ ತೀರಿಕೊಂಡರು. ಎರಡು ಎಳೆಯ ಮಕ್ಕಳ ತಾಯಿ. ಆ ಸುದ್ದಿ ಓದಿದ ದಿನ ನಮ್ಮ ಡ್ಯೂಟಿ ಕೋಣೆಯಲ್ಲಿ ಯಾರೂ ಊಟದ ಡಬ್ಬಿ ಬಿಚ್ಚಲಿಲ್ಲ.

ನಮ್ಮ ಆಯಮ್ಮ ಅಕ್ಟೋಬರಿನಲ್ಲಿ ಕೆಲಸಕ್ಕೆ ಮರಳಿ ಬಂದಳು. ಬಕೀಟು ಎತ್ತುವ ಶಕ್ತಿ ಹಿಂದಿನಂತೆ ಬರಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ಒಂದು ಕಡೆ ನಿಂತು, ಸೆರಗು ಸರಿಪಡಿಸುವವಳಂತೆ ನಟಿಸಿ ಉಸಿರು ತೆಗೆದುಕೊಳ್ಳುತ್ತಾಳೆ. ಈಗ ಕೊಠಡಿಗೆ ಒತ್ತಡ ತಗ್ಗಿಸುವ ಯಂತ್ರವೂ ಬಂದಿದೆ, ಕಾಯುವ ಹೊತ್ತು 35 ನಿಮಿಷಕ್ಕೆ ಇಳಿದಿದೆ. ಅವಳಿಗೆ ಕೊಟ್ಟಿರುವ ಕೆಲಸವೆಂದರೆ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಗಡಿಯಾರ ನೋಡುವುದು. ಬೀಗದ ಕೈ ಈಗಲೂ ಅವಳ ಸೆರಗಿನಲ್ಲಿಯೇ.

ಮೊನ್ನೆ ಕ್ಷಯವಿದ್ದ ಒಬ್ಬ ಹುಡುಗನಿಗೆ ರಾತ್ರಿ ತುರ್ತಿನಲ್ಲಿ ಪರೀಕ್ಷೆಯಾಯಿತು. ಎಲ್ಲ ಮುಗಿದ ಮೇಲೆ, ಹೊಸದಾಗಿ ಬಂದಿರುವ ಚಿಕ್ಕ ಡಾಕ್ಟರು ಕವಚ ಕಳಚಿ, ಕೈ ತೊಳೆದು, ತಮ್ಮ ಪೆನ್ನು ಒಳಗೇ ಉಳಿಯಿತೆಂದು ಬಾಗಿಲಿಗೆ ಕೈ ಹಾಕಿದರು.

"ಇನ್ನೂ ಹನ್ನೊಂದು ನಿಮಿಷ ಇದೆ, ಸ್ವಾಮಿ" ಎಂದಳು ಆಯಮ್ಮ, ಗಡಿಯಾರದಿಂದ ಕಣ್ಣು ತೆಗೆಯದೆ.

ಡಾಕ್ಟರು ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಬೆಂಚಿನ ಮೇಲೆ, ಅವಳ ಪಕ್ಕದಲ್ಲಿ, ಕೂತರು.